ಮೈಯೊಳಗಿನ ಲೋಹಕ್ಕೆ ಲೆಕ್ಕ ಬೇಕು

ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳನ್ನು ಹಾದು ಪುಣೆ–ಹೈದರಾಬಾದ್ ಹೆದ್ದಾರಿ ಸಾಗುತ್ತದೆ. ಇಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರು ಬೀದರ್, ಕಲಬುರಗಿ, ಸೋಲಾಪುರ, ಹೈದರಾಬಾದ್ ಎಂದು ದಿಕ್ಕಿಗೊಬ್ಬರಂತೆ ಹೋಗಿ ‘ರಾಡ್ ಹಾಕಿಸಿಕೊಂಡು’ ಬರುತ್ತಾರೆ. ಆ ರಾಡು ಯಾವ ಲೋಹದ್ದು, ಯಾವ ಕಂಪನಿಯದು ಎಂದು ಕೇಳಿದರೆ ಎಷ್ಟೋ ಮಂದಿಗೆ ಗೊತ್ತಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಪ್ಲೇಟ್, ಸ್ಕ್ರೂ’ ಎಂದಷ್ಟೇ ಗೀಚಿ ಕಳಿಸುವುದು ಅಕ್ಷಮ್ಯ.

ದೇಹದೊಳಗೂ ಲೋಹ ಸವೆಯುತ್ತದೆ. ಮೈಯ ದ್ರವವೆಲ್ಲ ಉಪ್ಪುನೀರು. ಸ್ಟೀಲನ್ನು ಕಾಯುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪೊರೆ. ಸ್ಕ್ರೂವಿನ ತಲೆ ಪ್ಲೇಟಿನ ತೂತಿನಲ್ಲಿ ಕೂತ ಸಂದಿಯಲ್ಲಿ, ಹೆಜ್ಜೆ ಹಾಕಿದಾಗಲೆಲ್ಲ ಆಗುವ ತಿಕ್ಕಾಟಕ್ಕೆ ಆ ಪೊರೆ ಹರಿಯುತ್ತದೆ. ಆಮ್ಲಜನಕ ಸಾಲದ ಆ ಇಕ್ಕಟ್ಟಿನಲ್ಲಿ ಅದು ಮತ್ತೆ ಕೂಡಿಕೊಳ್ಳುವುದು ಕಷ್ಟ. ಸವೆದ ಲೋಹ ಸುತ್ತಲ ಮಾಂಸಕ್ಕಿಳಿದರೆ ನೋವು, ಬಾವು. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಮಾತ್ರ ಒಳಗೇನಿದೆ ಎಂಬ ವಿವರ ಬೇಕೇ ಬೇಕು. ಸ್ಕ್ರೂ ಬಿಚ್ಚಲು ಅದಕ್ಕೆ ಹೊಂದುವ ಸ್ಕ್ರೂಡ್ರೈವರೇ ಸಿಗದಿದ್ದರೆ ವೈದ್ಯರಾದರೂ ಏನು ಮಾಡಿಯಾರು?

ದೇಶ ಈ ಪಾಠವನ್ನು ದುಬಾರಿ ಬೆಲೆಗೆ ಕಲಿತಿದೆ. ಕೋಬಾಲ್ಟ್–ಕ್ರೋಮಿಯಂ ಲೋಹಗಳು ಒಂದಕ್ಕೊಂದು ಉಜ್ಜುವ ಎಎಸ್‌ಆರ್ ಸೊಂಟದ ಕೀಲನ್ನು ಡೆಪ್ಯೂ ಕಂಪನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಾಗಿದ್ದವು. 2018ರಲ್ಲಿ ಕೇಂದ್ರದ ತಜ್ಞರ ಸಮಿತಿಯ ವರದಿ ಹೊರಬಿದ್ದಾಗ ಬಹುಪಾಲು ರೋಗಿಗಳ ಪತ್ತೆಯೇ ಇರಲಿಲ್ಲ. ಪರಿಹಾರ ನಿಗದಿಯಾದರೂ ಪಡೆಯಬೇಕಾದವರು ಎಲ್ಲಿ? ಮಹಾನಗರಗಳ ದೊಡ್ಡ ಆಸ್ಪತ್ರೆಗಳ ಕೀಲಿಗೇ ಈ ಗತಿಯಾದರೆ, ತಾಲ್ಲೂಕಿನ ರೈತನ ಕಾಲಿನ ರಾಡನ್ನು ಹುಡುಕುವವರಾರು?

ಹೊಸ ಕಾನೂನಿಗೆ ಕಾಯಬೇಕಿಲ್ಲ. ವೈದ್ಯಕೀಯ ಸಾಧನಗಳ ನಿಯಮ 2018ರ ಜನವರಿ 1ರಿಂದಲೇ ಜಾರಿಯಲ್ಲಿದೆ; ಲೇಬಲ್ಲಿನಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇರಲೇಬೇಕು. ಅದನ್ನು ರೋಗಿಯ ಕಾರ್ಡಿಗೂ ಆಸ್ಪತ್ರೆಯ ರಿಜಿಸ್ಟರಿಗೂ ಬರೆಯಲು ಎರಡು ನಿಮಿಷ ಸಾಕು. ಬರೆಯದ ಆಸ್ಪತ್ರೆಗೆ ಸರ್ಕಾರಿ ಆರೋಗ್ಯ ಯೋಜನೆಯ ಹಣ ತಡೆಹಿಡಿಯಿರಿ. ಜಿಲ್ಲಾ ಆರೋಗ್ಯಾಧಿಕಾರಿ ರಿಜಿಸ್ಟರ್ ತೆರೆಸಿ ನೋಡಲಿ. ತೊಂದರೆ ಕಂಡರೆ 2015ರಲ್ಲಿ ಶುರುವಾದ ರಾಷ್ಟ್ರೀಯ ಸಾಧನ ನಿಗಾ ಕಾರ್ಯಕ್ರಮಕ್ಕೆ ವೈದ್ಯರು ವರದಿ ಕಳಿಸಲಿ.

ಕೊಟ್ಟಿಗೆಯ ಎಮ್ಮೆಯ ಕಿವಿಯಲ್ಲಿ ಇಂದು ಹನ್ನೆರಡು ಅಂಕಿಯ ಓಲೆ ಇದೆ. ಅದನ್ನು ಸಾಕುವವನ ಮೂಳೆಗೆ ಬಿಗಿದ ಲೋಹಕ್ಕೆ ಒಂದು ಸಾಲಿನ ದಾಖಲೆಯಾದರೂ ಬೇಡವೇ?