ರಾತ್ರಿಯ ದಂತಧಾವನ

ಹಲ್ಲುಜ್ಜದೆ ಕಾಫಿಯ ಲೋಟವನ್ನು ಮುಟ್ಟಬಾರದೆಂಬುದು ಕನ್ನಡನಾಡಿನ ಅನೇಕ ಮನೆಗಳಲ್ಲಿ ಹಿರಿಯರಿಂದ ನಡೆದುಬಂದ ಕಟ್ಟಳೆ. ಉಂಡೊಡನೆ ಬಾಯಿ ಮುಕ್ಕಳಿಸುವ ಪದ್ಧತಿಯೂ ಹಾಗೆಯೇ. ಎರಡೂ ಒಳ್ಳೆಯವೇ. ಆದರೆ ಇಷ್ಟು ಶುಚಿಯಾದ ಮನೆಯಲ್ಲಿಯೂ ಸಕ್ಕರೆ ಬೆರೆಸಿದ ಹಾಲು ಕುಡಿದ ಮಗು ರಾತ್ರಿ ಹಾಗೆಯೇ ಹಾಸಿಗೆ ಸೇರುವುದುಂಟು. ಹಲ್ಲಿಗೆ ಹೆಚ್ಚು ಅಪಾಯವಿರುವುದು ಆ ಹೊತ್ತಿನಲ್ಲಿಯೇ.

ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ಎಂಬಾತನು ಪ್ರತಿದಿನವೂ ಉಪ್ಪಿನಿಂದ ಹಲ್ಲುಜ್ಜುವ ಅಭ್ಯಾಸವುಳ್ಳವನು. ಆದರೂ ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಬಿಳಿಯ ಲೋಳೆಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದರಲ್ಲಿ ಅಸಂಖ್ಯ ಜೀವಿಗಳು ಚಲಿಸುತ್ತಿದ್ದವು. ಈ ವಿಷಯವನ್ನು ಆತನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು.

ಆ ಲೋಳೆ ಇಂದಿಗೂ ಎಲ್ಲರ ಬಾಯಲ್ಲಿಯೂ ಉಂಟು. ಅದರಲ್ಲಿನ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ಪದಾರ್ಥವೆನಿಸಿದ ಹಲ್ಲಿನ ಹೊರಕವಚವೂ ಈ ಆಮ್ಲಕ್ಕೆ ಕರಗತೊಡಗುತ್ತದೆ. ಹಗಲಿನಲ್ಲಿ ಜೊಲ್ಲು ಆಮ್ಲವನ್ನು ತಗ್ಗಿಸಿ, ಕಳೆದುಹೋದ ಲವಣಗಳನ್ನು ಹಲ್ಲಿಗೆ ಮರಳಿ ಒದಗಿಸುತ್ತದೆ. ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ಈ ರಕ್ಷಣೆಯೂ ಕುಗ್ಗುತ್ತದೆ. ಆದ್ದರಿಂದಲೇ ಮಲಗುವ ಮುನ್ನ ಹಲ್ಲುಜ್ಜುವುದು ಅತ್ಯಗತ್ಯ. ಆಮೇಲೆ ನೀರಿನ ಹೊರತು ಏನನ್ನೂ ಸೇವಿಸಬಾರದು.

ತಾಯಂದಿರು ಮುಖ್ಯವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. ಮಗುವಿಗೆ ಸುಮಾರು 6 ವರ್ಷವಾದಾಗ 20 ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ದವಡೆಹಲ್ಲುಗಳು ಮೂಡುತ್ತವೆ. ಇವೂ ಹಾಲುಹಲ್ಲುಗಳೇ, ಹುಳುಕಾದರೂ ಬಿದ್ದು ಬೇರೆ ಬರುತ್ತವೆ ಎಂದು ಅನೇಕರು ಉದಾಸೀನರಾಗಿರುತ್ತಾರೆ. ಆದರೆ ಇವು ಶಾಶ್ವತ ದಂತಗಳು. ಕಳೆದುಕೊಂಡರೆ ಮತ್ತೆ ಹುಟ್ಟವು. ಈ ವಯಸ್ಸಿನ ಮಗುವಿನ ಕೈಗೆ ಬ್ರಷ್ ಕೊಟ್ಟರೆ ಸಾಲದು. ಹಿರಿಯರೊಬ್ಬರು ಹಿಂದಿನ ಹಲ್ಲುಗಳನ್ನು ತಾವೇ ಉಜ್ಜಬೇಕು.

ಬಾಯಿಯ ಕೇಡು ಬಾಯಿಗೇ ಮುಗಿಯುವುದಿಲ್ಲ. ಲೋಳೆ ಗಟ್ಟಿಯಾಗಿ ಕಿಟ್ಟ ಕಟ್ಟಿದರೆ ವಸಡು ಊದಿಕೊಂಡು ರಕ್ತ ಒಸರುತ್ತದೆ. ಮಧುಮೇಹಿಗಳಲ್ಲಿ ಈ ರೋಗ ಬೇಗ ಬಲಿಯುತ್ತದೆ. ವಸಡಿನ ರೋಗವಿದ್ದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಕಷ್ಟವಾಗುತ್ತದೆ. ಬಾಯಿಯ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರಿ, ಮೊದಲೇ ಕೆಟ್ಟಿರುವ ಹೃದಯದ ಕವಾಟಗಳಲ್ಲಿ ನೆಲೆಸಿದರೆ ಪ್ರಾಣಾಪಾಯವೂ ಉಂಟು. ಅಂಥ ಹೃದ್ರೋಗವುಳ್ಳವರು ಹಲ್ಲು ಕೀಳಿಸುವ ಮೊದಲೇ ದಂತವೈದ್ಯರಿಗೆ ಆ ವಿಷಯವನ್ನು ತಿಳಿಸಬೇಕು. ರಕ್ತ ಕಂಡಿತೆಂದು ಹಲ್ಲುಜ್ಜುವುದನ್ನು ಬಿಡುವುದು ಸರಿಯಲ್ಲ. ಮೃದುವಾದ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ವೈದ್ಯರಿಗೆ ತೋರಿಸಬೇಕು.

ಇನ್ನು ಸಾಧನಗಳ ವಿಚಾರ. ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲನ್ನು ಬೆಳ್ಳಗೆ ಮಾಡಿದಂತೆ ತೋರಿದರೂ ಅದರ ಕವಚವನ್ನು ಸವೆಸುತ್ತವೆ. ಫ್ಲೋರೈಡ್ ಇರುವ ಪೇಸ್ಟ್ ಹುಳುಕನ್ನು ತಡೆಯುತ್ತದೆ. ಅದು 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರೆಗೆ ಬಟಾಣಿಯಷ್ಟು ಸಾಕು. ಮಗು ಅದನ್ನು ನುಂಗದಂತೆ ನೋಡಿಕೊಳ್ಳಬೇಕು. ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿರುವ ಕೋಲಾರದಂಥ ಕಡೆಗಳಲ್ಲಿ ದಂತವೈದ್ಯರ ಸಲಹೆ ಪಡೆಯುವುದು ಲೇಸು. ಊಟದ ಮೇಲೆ ಅಡಿಕೆ ಅಗಿಯುವುದರಿಂದ ಬಾಯಿ ಶುದ್ಧವಾಗುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಸಾರಿದೆ.

ಬೆಳಿಗ್ಗೆ 2 ನಿಮಿಷ, ರಾತ್ರಿ 2 ನಿಮಿಷ. ದೀಪ ಆರಿಸುವ ಮುನ್ನ ಮನೆಯ ಹಿರಿಯರು ಹಲ್ಲುಜ್ಜುವುದನ್ನು ಕಂಡರೆ ಮಕ್ಕಳೂ ಅದನ್ನು ಕಲಿಯುತ್ತಾರೆ. ಮತ್ತೆ ಮತ್ತೆ ಹೇಳುವ ಶ್ರಮವೂ ತಪ್ಪುತ್ತದೆ.