ಸುತ್ತಿಗೆಯ ಹಿಡಿ ಯಾರ ಅಳತೆಗೆ?

ಕುರುಡುಮಲೆಗೆ ಬರುವ ಯಾತ್ರಿಕರು ಒಂದೇ ಬಂಡೆಯಲ್ಲಿ ಕಡೆದ, 13 ಅಡಿಗೂ ಎತ್ತರದ ಗಣೇಶನಿಗೆ ಕೈ ಮುಗೀತಾರೆ. ಸೋಮೇಶ್ವರ ಗುಡಿಯ ಅರ್ಧ ಜಕಣಾಚಾರಿಯದು, ಇನ್ನರ್ಧ ಮಗ ಡಂಕಣನದು ಅನ್ನೋ ಕತೆ ಕೇಳಿ ತಲೆದೂಗ್ತಾರೆ. ಆ ಉಳಿಗೆ ಅಷ್ಟು ಮರ್ಯಾದೆ. ಅದೇ ಮುಳಬಾಗಿಲು ಸೀಮೆಯಲ್ಲಿ ಇವತ್ತು ಬಂಡೆ ಒಡೆಯುವ ಭೋವಿಗಳ, ಹೊಲೆಮಾದಿಗರ ಕೈಲಿರೋ ಉಳಿಯನ್ನು ಯಾರಾದರೂ ತಿರುಗಿಸಿ ನೋಡಿದ್ದಾರಾ?

ನಾವು ನೋಡಿದ್ದೇವೆ. ಪೆಟ್ಟು ತಿಂದು ತಿಂದು ಉಳಿಯ ತಲೆ ಅಣಬೆಯಂತೆ ಅರಳಿರುತ್ತೆ. ಅದರ ಅಂಚಿನ ಚೂರು ಸಿಡಿದರೆ ನೆಟ್ಟಗೆ ಕಣ್ಣಿಗೆ. ಸಾಣೆಗೆ ಹಿಡಿದು ಆ ಅಂಚು ತೆಗೆಯೋಕೆ ಐದು ನಿಮಿಷ ಸಾಕು. ಆದರೆ ಕೂಲಿ ಕಲ್ಲಿನ ಲೆಕ್ಕದಲ್ಲಿ. ಆ ಐದು ನಿಮಿಷಕ್ಕೆ ಕಾಸು ಯಾರು ಕೊಡ್ತಾರೆ? ಸುತ್ತಿಗೆ ಹಿಡಿ ತೀರ ಸಣ್ಣಗಿದ್ದರೂ ತೀರ ದಪ್ಪಗಿದ್ದರೂ ಬಿಗಿ ಹಿಡಿಯೋಕೆ ಹೆಚ್ಚು ಬಲ ಬೇಕು, ಮಣಿಕಟ್ಟು ಸೋಲುತ್ತೆ. ಅದುರುವ ಡ್ರಿಲ್ಲನ್ನು ವರ್ಷಗಟ್ಟಲೆ ಹಿಡಿದವರ ಬೆರಳು ಜೋಮು ಹಿಡಿದು, ಚಳಿಗೆ ಬೆಳ್ಳಗಾಗುತ್ತವೆ. ನೀರು ಬಿಡದೆ ಕೊರೆದರೆ ಕಲ್ಲಿನ ದೂಳು ಎದೆಗೆ. ಭಾರತದ ಮೊದಲ ಸಿಲಿಕೋಸಿಸ್ ವರದಿ 1947ರಲ್ಲಿ ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ. ಗಣಿ 2001ರಲ್ಲಿ ಮುಚ್ಚಿತು. ಆ ಕಾಯಿಲೆಗೆ ಇವತ್ತಿಗೂ ಮದ್ದಿಲ್ಲ.

ದೊಡ್ಡವರು ಹೇಳ್ತಾರೆ: ಇವರಿಗೆ ಅಭ್ಯಾಸ ಆಗಿದೆ, ಹುಟ್ಟಿನಿಂದಲೇ ಗಟ್ಟಿ ಮೈ. ಇದು ಜಾತಿಯ ಮಾತು. ನೋವೇ ಆಗದ ಮೈಗೆ ಹತಾರ ಯಾಕೆ ತಿದ್ದಬೇಕು ಅಂತ ಲೆಕ್ಕ. ಬೀದಿ ಗುಡಿಸುವ ನಮ್ಮ ಅವ್ವಂದಿರ ಪೊರಕೆಗೆ ಉದ್ದನೆ ಕೋಲು ಕಟ್ಟೋಕೆ ಎಷ್ಟು ಖರ್ಚಾಗುತ್ತೆ ಸ್ವಾಮಿ? ಬಗ್ಗಿದ ಬೆನ್ನು ಕೆಲವರ ಕಣ್ಣಿಗೆ ಹಿತ, ಅಷ್ಟೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಇತ್ತು. ಮೆಕ್ಸಿಕೋ ಮೂಲದ ಹೊಲದ ಕೂಲಿಗಳಿಗೆ ಮೋಟು ಹಿಡಿಯ ಗುದ್ದಲಿ ಕೊಡುತ್ತಿದ್ದರು. ದಿನವಿಡೀ ಬಗ್ಗಿರಬೇಕು, ಯಾರಾದರೂ ಬೆನ್ನು ನೆಟ್ಟಗೆ ಮಾಡಿದರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಪೈರಿಗೆ ಇದೇ ಒಳ್ಳೇದು ಅಂದರು ಜಮೀನ್ದಾರರು. ಕೂಲಿಗಳು ಡಾಕ್ಟರರ ಸಾಕ್ಷಿ ಹಿಡಿದು ಕೋರ್ಟಿನವರೆಗೂ ಹೋಗಿ 1975ರಲ್ಲಿ ಅದನ್ನು ನಿಷೇಧ ಮಾಡಿಸಿದರು. ಉದ್ದ ಹಿಡಿ ಬಂತು, ಪೈರೇನೂ ಸಾಯಲಿಲ್ಲ.

ಮಾಲೂರು, ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುವ ನಮ್ಮ ಅಕ್ಕತಂಗಿಯರ ಮಾತೂ ಇದೇ. ವಾರಕ್ಕೆ 48 ಗಂಟೆ ಮೀರಬಾರದು ಅಂತ ಹೇಳಿ, ದಿನಕ್ಕೆ 12 ಗಂಟೆವರೆಗೂ ದುಡಿಸಲು ಕರ್ನಾಟಕ ಸರ್ಕಾರ 2023ರಲ್ಲಿ ಕಾಯ್ದೆ ತಿದ್ದಿತು. ಸ್ಟೂಲಿನ ಎತ್ತರ ಸರಿ ಮಾಡಿ 12 ಗಂಟೆ ಕೂರಿಸಿದರೆ ಸೊಂಟ ಉಳಿಯುತ್ತಾ? ಹತಾರದ ಜೊತೆಗೆ ಹೊತ್ತನ್ನೂ ಕೇಳಬೇಕು.

1943ರ ಡಿಸೆಂಬರಿನಲ್ಲಿ, ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ಧನಬಾದಿನ ಕಲ್ಲಿದ್ದಲ ಗಣಿಯೊಳಕ್ಕೆ ತಾವೇ ಇಳಿದು ನೋಡಿದರು. ಹಾಸ್ಟೆಲಿನ ಐಟಿಐ, ಪಾಲಿಟೆಕ್ನಿಕ್ ಗೆಳೆಯರೇ, ನೀವು ಕಂಪನಿಯ ಯಂತ್ರದ ಡ್ರಾಯಿಂಗನ್ನು ಕೂದಲೆಳೆಯಷ್ಟು ತಪ್ಪದೆ ಬರೀತೀರಿ. ಅಪ್ಪನ ಅಂಗೈ ಎಷ್ಟಗಲ, ಗೊತ್ತಾ? ಈ ರಜೆಗೆ ಊರಿಗೆ ಹೋಗುವಾಗ ಟೇಪು ತಗೊಂಡು ಹೋಗಿ. ಸುತ್ತಿಗೆಯ ತೂಕ, ಹಿಡಿಯ ದಪ್ಪ, ನಿಂತಾಗ ಮೊಣಕೈ ಎಷ್ಟೆತ್ತರ, ಸಂಜೆ ಎಲ್ಲಿ ನೋವು — ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಹೊಸ ಹಿಡಿ ಕೆತ್ತಿದರೆ ಮೊದಲು ಅವರ ಕೈಗೇ ಕೊಡಿ. ಬೇಡ ಅಂದರೆ ಮತ್ತೆ ಕೆತ್ತಿ. ಹೆಣ್ಣಾಳುಗಳ ಅಳತೆ ಬೇರೆಯೇ ಬರೀಬೇಕು, ಮರೀಬೇಡಿ.