ಕಂದು ಬಾಟಲಿ ಮೊದಲು ಖಾಲಿಯಾಯಿತು

ಕಳೆದ ಬೇಸಿಗೆ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಸೇರಿ ಒಂದು ಸೈನ್ಯ ಕಟ್ಟಿದೆವು. ಗಾಬರಿಯಾಗಬೇಡಿ. ನಮ್ಮ ಒಬ್ಬೊಬ್ಬ ಸೈನಿಕನ ಎತ್ತರ 28 ಮಿಲಿಮೀಟರ್, ಹೆಚ್ಚು ಕಡಿಮೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಇಂಥ ಪುಟ್ಟ ಬೊಂಬೆಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳ ಹಿಡಿದು ಇತಿಹಾಸದ ಒಂದು ಯುದ್ಧವನ್ನು ಮತ್ತೆ ಆಡುವ ಹವ್ಯಾಸಕ್ಕೆ ವಾರ್‌ಗೇಮಿಂಗ್ ಎನ್ನುತ್ತಾರೆ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ ಇದರ ನಿಯಮಗಳ ಬಗ್ಗೆ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದಿದ್ದರು. ನಮ್ಮಲ್ಲಿ ಇದನ್ನು ಬಲ್ಲವರು ಕಡಿಮೆ. ಆದರೆ ಇತಿಹಾಸ ಕಲಿಯಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಏಕೆಂದು ಹೇಳುತ್ತೇನೆ.

ನಾವು ಆರಿಸಿಕೊಂಡದ್ದು ಪೊಲ್ಲಿಲೂರು ಯುದ್ಧ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಸುತ್ತುವರಿದು ಸೋಲಿಸಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಪ್ರವಾಸ ಹೋದವರೆಲ್ಲ ಗೋಡೆಯ ಮೇಲೆ ಇದರ ಚಿತ್ರ ನೋಡಿರುತ್ತೀರಿ. ಚೌಕಾಕಾರವಾಗಿ ನಿಂತ ಕೆಂಪು ಕೋಟಿನವರ ನಡುವೆ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಮದ್ದಿನ ಗಾಡಿ ಸಿಡಿಯುತ್ತಿದೆ. ಗೆದ್ದದ್ದು ನಮ್ಮವರು. ಹಾಗಾಗಿ ಆಯ್ಕೆ ಮಾಡಲು ನಮಗೆ ಐದು ನಿಮಿಷವೂ ಬೇಕಾಗಲಿಲ್ಲ.

ಬೊಂಬೆಗಳನ್ನು ಹೊರದೇಶದಿಂದ ತರಿಸುವುದು ನಮ್ಮ ಜೇಬಿಗೆ ಆಗದ ಮಾತು. ಗೆಳೆಯನ ಮಾಮುವಿನ ಬಳಿ ತ್ರೀ-ಡಿ ಪ್ರಿಂಟರ್ ಇತ್ತು. ಅದರಲ್ಲಿ ಬೂದು ಬಣ್ಣದ ಸೈನಿಕರು ಹುಟ್ಟಿದರು. ಆಧಾರದ ಕಡ್ಡಿಗಳನ್ನು ಕತ್ತರಿಸಿ, ಸ್ಯಾಂಡ್ ಪೇಪರಿನಿಂದ ಉಜ್ಜಿ, ಕೈ ಮತ್ತು ಬಂದೂಕನ್ನು ಅಂಟಿಸಿ, ಎಂ-ಸೀಲ್‌ನಿಂದ ರುಮಾಲು ಸುತ್ತಿ, ಪ್ರೈಮರ್ ಹೊಡೆದು, ಸೊನ್ನೆ ನಂಬರಿನ ಬ್ರಷ್‌ನಿಂದ ಬಣ್ಣ ಹಚ್ಚಬೇಕು. ಬಣ್ಣ ಒಣಗಿದ ಮೇಲೆ ತುಂಬಾ ನೀರಾಗಿಸಿದ ಕಂದು ಬಣ್ಣ ಹರಿಸಿದರೆ ಅದು ಬಟ್ಟೆಯ ಮಡಿಕೆಗಳಲ್ಲಿ ನಿಂತು ನೆರಳು ಕೊಡುತ್ತದೆ. ಕಾಲಡಿಗೆ ಫೆವಿಕಾಲ್ ಹಚ್ಚಿ ಮರಳು ಉದುರಿಸಿದರೆ ನೆಲ ಸಿದ್ಧ. ಒಬ್ಬ ಸೈನಿಕನಿಗೆ ನನಗೆ ಸುಮಾರು ಒಂದು ಗಂಟೆ ಹಿಡಿಯುತ್ತಿತ್ತು.

ಈ ಒಂದು ಗಂಟೆಯಲ್ಲಿ ಕುಂಚ ಪ್ರಶ್ನೆ ಕೇಳುತ್ತದೆ. ಭಾಷಣದಲ್ಲಿ ‘ವೀರ ಸೈನಿಕರು’ ಎಂದರೆ ಸಾಕು. ಬೊಂಬೆಗೆ ಅಷ್ಟು ಸಾಲದು. ಅಂಗಿ ಯಾವ ಬಣ್ಣ? ಕಾಲಲ್ಲಿ ಚಪ್ಪಲಿಯೋ ಬರಿಗಾಲೋ? ರಾಕೆಟ್ ಎಷ್ಟು ಉದ್ದ? ಈ ಕೊನೆಯ ಪ್ರಶ್ನೆಗೆ ಉತ್ತರ ಶಿವಮೊಗ್ಗ ಜಿಲ್ಲೆಯಲ್ಲೇ ಸಿಕ್ಕಿತು. 2018ರಲ್ಲಿ ಅಲ್ಲಿನ ನಗರ ಎಂಬ ಊರಿನ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಸಿಕ್ಕಿದ್ದವು. ಕಬ್ಬಿಣದ ಆ ಕೊಳವೆಗಳ ಉದ್ದ ಸುಮಾರು 25 ಸೆಂಟಿಮೀಟರ್. ನಮ್ಮ ಅಳತೆಗೆ ಇಳಿಸಿದರೆ 4 ಮಿಲಿಮೀಟರ್. ಅದಕ್ಕೆ ಕಟ್ಟುವ ಬಿದಿರಿಗೆ ಬದಲು ಪೊರಕೆ ಕಡ್ಡಿ ಬಂತು.

ಮೊದಲ ತಪ್ಪನ್ನು ನಾನೇ ಮಾಡಿದೆ. ಮೈಸೂರು ಸೈನಿಕನೆಂದರೆ ಹುಲಿಪಟ್ಟೆಯ ಅಂಗಿ ಎಂದುಕೊಂಡು ಇಪ್ಪತ್ನಾಲ್ಕು ಬೊಂಬೆಗಳಿಗೆ ನೇರಳೆ ಅಂಗಿ, ಬಿಳಿ ಗುರುತು, ಕೆಂಪು ರುಮಾಲು ಹಾಕಿದೆ. ಆ ಉಡುಪಿನ ವರ್ಣನೆ ಬ್ರಿಟಿಷ್ ಅಧಿಕಾರಿಗಳ ಬರಹದಲ್ಲಿದೆ, ನಿಜ. ಆದರೆ ಅದು ಟಿಪ್ಪು ಸುಲ್ತಾನರ ಆಳ್ವಿಕೆಯ ಕಾಲದ್ದು. ಪೊಲ್ಲಿಲೂರು ನಡೆದಾಗ ಆಳುತ್ತಿದ್ದವರು ಹೈದರ್. ಟಿಪ್ಪು ಪಟ್ಟಕ್ಕೆ ಬಂದದ್ದು 1782ರ ಡಿಸೆಂಬರ್‌ನಲ್ಲಿ. ಇತಿಹಾಸದ ಸರ್ ನನ್ನ ಬೊಂಬೆಗಳನ್ನು ನೋಡಿ ನಕ್ಕು, “ಇವರೆಲ್ಲ ಮುಂದಿನ ಯುದ್ಧಕ್ಕೆ ಈಗಲೇ ಬಂದುಬಿಟ್ಟಿದ್ದಾರಲ್ಲ!” ಎಂದರು. ದರಿಯಾ ದೌಲತ್‌ನ ಚಿತ್ರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ನಂತರ ಬಂದವರು ಅದನ್ನು ಮತ್ತೆ ಮತ್ತೆ ದುರಸ್ತಿ ಮಾಡಿ ಬಣ್ಣ ಹಚ್ಚಿದ್ದಾರೆ.

ನಿಜವಾದ ಪಾಠ ಕಂಪನಿಯ ಪಡೆಗೆ ಬಣ್ಣ ಹಚ್ಚುವಾಗ ಸಿಕ್ಕಿತು. ನಾಲ್ವರಲ್ಲಿ ಯಾರೂ ಅದನ್ನು ಮಾಡಲು ಒಪ್ಪಲಿಲ್ಲ. ಚೀಟಿ ಎತ್ತಿದಾಗ ನನ್ನ ಹೆಸರೇ ಬಂತು. ಬೇಲಿಯ ಬಳಿ ಇದ್ದವರು ಸುಮಾರು 3,800 ಮಂದಿ. ಒಂದು ಬೊಂಬೆ ಐವತ್ತು ಜನರಿಗೆ ಸಮ ಎಂದು ನಾವು ಲೆಕ್ಕ ಹಾಕಿಕೊಂಡಿದ್ದರಿಂದ 76 ಬೊಂಬೆಗಳು ಬೇಕಾದವು. ಮುಖಕ್ಕೆಂದು ಎರಡು ಬಾಟಲಿ ಬಣ್ಣ ತಂದಿದ್ದೆ. ಒಂದು ಗುಲಾಬಿ ಬಿಳುಪು, ಇನ್ನೊಂದು ಕಂದು. ಬ್ರಿಟಿಷರ ಸೈನ್ಯವಲ್ಲವೇ, ಗುಲಾಬಿಯೇ ಹೆಚ್ಚು ಬೇಕೆಂದು ದೊಡ್ಡ ಬಾಟಲಿ ತಂದಿದ್ದೆ. ಓದಿ ನೋಡಿದರೆ ಆ ಪಡೆಯಲ್ಲಿ ಐರೋಪ್ಯರು ಇದ್ದದ್ದು ಕೆಲವೇ ನೂರು. ನನ್ನ ಲೆಕ್ಕದಲ್ಲಿ ಹತ್ತು-ಹನ್ನೆರಡು ಬೊಂಬೆ. ಉಳಿದವರೆಲ್ಲ ಮದ್ರಾಸ್ ಸೈನ್ಯದ ಸಿಪಾಯಿಗಳು, ಸಂಬಳಕ್ಕಾಗಿ ಕೆಂಪು ಕೋಟು ತೊಟ್ಟ ದಕ್ಷಿಣದ ಹಿಂದೂಗಳು ಮತ್ತು ಮುಸಲ್ಮಾನರು. ಮೂರನೇ ದಿನಕ್ಕೆ ಕಂದು ಬಾಟಲಿ ಖಾಲಿಯಾಯಿತು. ಗುಲಾಬಿ ಹಾಗೆಯೇ ಉಳಿಯಿತು.

ನಮ್ಮ ಕಡೆಯೂ ಅಷ್ಟು ಸರಳವಾಗಿರಲಿಲ್ಲ. ಮೈಸೂರಿನ ಪರವಾಗಿ ಫ್ರೆಂಚರು ಹೋರಾಡಿದ್ದರು, ಅವರಿಗೆ ಗುಲಾಬಿ ಬಣ್ಣ ಬೇಕಾಯಿತು. ಹೈದರ್ ಮತ್ತು ಟಿಪ್ಪು ಇಬ್ಬರ ಆಡಳಿತಕ್ಕೂ ಹೆಗಲು ಕೊಟ್ಟ ಪೂರ್ಣಯ್ಯನವರು ಬ್ರಾಹ್ಮಣರು. ಇದನ್ನು ನಾವು ಸಂತೋಷದಿಂದ ಹೇಳುತ್ತೇವೆ. ಆದರೆ ಇನ್ನೊಂದನ್ನೂ ಹೇಳಬೇಕು. 1779ರಲ್ಲಿ ಹೈದರ್ ಚಿತ್ರದುರ್ಗ ಗೆದ್ದ ಮೇಲೆ ಅಲ್ಲಿನ ಬೇಡರನ್ನು ಬಲವಂತವಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಅವರ ಹುಡುಗರನ್ನು ಚೇಲಾ ಪಡೆಗೆ ಸೇರಿಸಲಾಯಿತು. ಆ ಹುಡುಗರಲ್ಲಿ ಕೆಲವರು ನಮ್ಮ ವಯಸ್ಸಿನವರೇ ಇದ್ದಿರಬೇಕು. 1780ರ ದಂಡಯಾತ್ರೆಯಲ್ಲಿ ಮದ್ರಾಸಿನ ಸುತ್ತಲಿನ ಹಳ್ಳಿಗಳು ಸುಟ್ಟುಹೋದವು. ನಮ್ಮ ಮೇಜಿನ ಮೇಲೆ ಹಳ್ಳಿ ಎಂದರೆ ಸೈನಿಕರು ಮರೆಯಾಗಿ ನಿಲ್ಲುವ ಎರಡು ರಟ್ಟಿನ ಮನೆ, ಅಷ್ಟೇ. ಅದರೊಳಗೆ ಇದ್ದವರಿಗೆ ನಾವು ಬೊಂಬೆಯನ್ನೇ ಮಾಡಿರಲಿಲ್ಲ.

ಇಷ್ಟೆಲ್ಲ ಏಕೆ ಬರೆಯುತ್ತಿದ್ದೇನೆ? ಟಿಪ್ಪು ಎಂಬ ಹೆಸರು ಬಂದರೆ ಸಾಕು, ಮೊಬೈಲಿನಲ್ಲಿ, ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಎರಡು ಗುಂಪುಗಳಾಗುತ್ತವೆ. ನಮ್ಮ ಹೆಸರು ಕೇಳಿಯೇ ನಾವು ಯಾವ ಗುಂಪು ಎಂದು ಕೆಲವರು ತೀರ್ಮಾನಿಸಿಬಿಡುತ್ತಾರೆ. ಇದು ನೋವಿನ ಸಂಗತಿ. ಆದರೆ ನಾವೂ ಒಂದು ಪುಟ ಓದದೆ ಅವರು ತೋರಿಸಿದ ಜಾಗಕ್ಕೇ ಹೋಗಿ ನಿಲ್ಲುವುದು ಅದಕ್ಕಿಂತ ದೊಡ್ಡ ನಷ್ಟ. ಕೂಗುವವರಿಗೆ ಎರಡೇ ಬಣ್ಣ ಸಾಕು. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಪಡೆಯಲ್ಲಿ ಬ್ರಿಟಿಷರ ಜೊತೆ ಹೈದರಾಬಾದಿನ ನಿಜಾಮರ ಸೈನ್ಯವೂ ಇತ್ತು ಎಂದರೆ ಆ ಎರಡು ಬಣ್ಣಗಳಲ್ಲಿ ಅವರಿಗೆ ಯಾವುದನ್ನು ಹಚ್ಚುತ್ತೀರಿ?

ಯುದ್ಧವನ್ನು ಆಟ ಮಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ನಮ್ಮ ದಾದಿಯೂ ಕೇಳಿದರು. “ನಮಾಜ್ ಮಾಡುವ ಕೋಣೆಯಲ್ಲಿ ಈ ಗೊಂಬೆಗಳು ಬೇಡ ಬೇಟಾ, ಸತ್ತವರನ್ನು ಇಟ್ಟುಕೊಂಡು ಆಟ ಬೇರೆ!” ಎಂದು ಗದರಿದರು. ಗೊಂಬೆಗಳು ಶೂ ಡಬ್ಬಿಗೆ ಹೋದವು. ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು. ಕೊನೆಯ ದಿನ ಆಟದಲ್ಲಿ ಮದ್ದಿನ ಗಾಡಿ ಸಿಡಿದಾಗ ನಿಯಮದಂತೆ ಒಂಬತ್ತು ಬೊಂಬೆಗಳನ್ನು ಎತ್ತಿ ಡಬ್ಬಿಗೆ ಹಾಕಬೇಕಾಯಿತು. ಎದುರಿನವನು ಚಪ್ಪಾಳೆ ತಟ್ಟಿದ. ನಾನು ಮನಸ್ಸಿನಲ್ಲೇ ಗುಣಿಸಿದೆ, 450 ಜನ. ಅವರ ಹುಬ್ಬು ಮೀಸೆಗಳನ್ನೆಲ್ಲ ಬರೆದವನು ನಾನು. ಆ ಚಪ್ಪಾಳೆ ನನಗೆ ಹಿತವಾಗಲಿಲ್ಲ. ಮರುದಿನ ನಾವು ಕಡೆ ಬದಲಿಸಿ ಆಡಿದೆವು. ಆಗ ಚಪ್ಪಾಳೆ ತಟ್ಟಿದವನೂ ಸುಮ್ಮನಾದ. ದೊಡ್ಡ ಯುದ್ಧ ಎಂಥ ಮೂರ್ಖತನ ಎಂಬುದು ಆಟದ ಯುದ್ಧ ಆಡಿದವನಿಗೆ ತಿಳಿಯುತ್ತದೆ ಎಂಬ ಅರ್ಥದಲ್ಲಿ ವೆಲ್ಸ್ ಕೂಡ ತಮ್ಮ ಪುಸ್ತಕವನ್ನು ಮುಗಿಸಿದ್ದಾರೆ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಆದ್ದರಿಂದ ನನ್ನ ಮನವಿ ಇಷ್ಟು. ನಮ್ಮ ಕಾಲೇಜಿನ ಇತಿಹಾಸ ವಿಭಾಗ ಈ ವರ್ಷದ ಪ್ರದರ್ಶನಕ್ಕೆ ಇಂಥದ್ದೊಂದು ಮೇಜು ಇಡಲಿ. ಪ್ರತಿ ವಿದ್ಯಾರ್ಥಿ ಎರಡು ಬೊಂಬೆಗೆ ಬಣ್ಣ ಹಚ್ಚಲಿ, ತನ್ನ ಕಡೆಯದು ಒಂದು, ಎದುರಿನ ಕಡೆಯದು ಒಂದು. ಜೊತೆಗೆ ಆ ಬಣ್ಣ ಏಕೆ ಎಂದು ಒಂದು ಸಾಲು ಬರೆದಿಡಲಿ, ಎಲ್ಲಿ ಓದಿದೆ ಎಂಬುದನ್ನೂ ಸೇರಿಸಿ. ರಟ್ಟಿನ ಮನೆಗಳ ಮುಂದೆ ನಿಲ್ಲಲು ರೈತರ ಬೊಂಬೆಗಳೂ ಇರಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಎಂ-ಸೀಲ್, ತಂತಿ, ಪೊರಕೆ ಕಡ್ಡಿ ಸಾಕು.

ಬಣ್ಣ ಬೇಕಾದವರು ನನ್ನನ್ನು ಕೇಳಬಹುದು. ಗುಲಾಬಿ ಬಾಟಲಿ ಇನ್ನೂ ಮುಕ್ಕಾಲು ತುಂಬಿದೆ. ಕಂದು ಮಾತ್ರ ನೀವೇ ತರಬೇಕು, ಸ್ವಲ್ಪ ದೊಡ್ಡ ಬಾಟಲಿಯನ್ನೇ ತನ್ನಿ.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿ